ಬೀಜ ತೊಳೆದವರು

ಭಾಲ್ಕಿ
ಪುಷ್ಯ ಬಹುಳ ಪಂಚಮಿ, ಫಸಲಿ ೧೩೪೫

ಚಿರಂಜೀವಿ ತಮ್ಮ ವೈಜಿನಾಥನಿಗೆ ಅಕ್ಕ ಗುರಮ್ಮನ ಆಶೀರ್ವಾದ.

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ಮೊದಲು ಕಣ್ಣಾರೆ ನೋಡಿ ಆಮೇಲೆ ಬರೆಯೋಣ ಎಂದುಕೊಂಡೆ. ನೋಡುತ್ತ ಹೋದಂತೆ ಕೇಳಬೇಕಾದ ಮನೆಗಳು ಹೆಚ್ಚಾದವು. ಎಳ್ಳಮಾಸಿ ಹಬ್ಬಕ್ಕೆಂದು ತವರಿಗೆ, ಸಂತಪುರಕ್ಕೆ ಹೋದವಳು ಮೊನ್ನೆಯಷ್ಟೇ ಭಾಲ್ಕಿಗೆ ಬಂದೆ. ನಮ್ಮ ಮನೆಯವರು, ನಿನ್ನ ಮಾವ, ಬಾಗಿಲಲ್ಲೇ ನಿಂತು, “ಯಾರ ಮನಿಯವರ್ರಿ ನೀವು? ಎಲ್ಲೋ ನೋಡಿದಂಗದ” ಎಂದರು. ಮಕ್ಕಳು ಆರಾಮ ಇದ್ದಾರೆ. ದೊಡ್ಡವನಿಗೆ ಕೆಮ್ಮು ಇತ್ತು, ಈಗಿಲ್ಲ. ನಾಳೆ ನಾಡಿದ್ದರಲ್ಲಿ ಸಂಕ್ರಮಣ. ನಿನಗೆ ಬೀದರಿನ ಚಿದ್ರಿಯ ಕೋಣೆಯಲ್ಲಿ ಎಳ್ಳು ಬೆಲ್ಲ ಯಾರು ಕೊಡುತ್ತಾರೋ ಎಂದು ಯೋಚನೆ ಬಂತು.

ನಿನ್ನ ಪತ್ರವನ್ನು ನಾನೂ ನಿನ್ನ ಮಾವನೂ ಮತ್ತೆ ಮತ್ತೆ ಓದಿದೆವು. ಬೀಜಕ್ಕೆ ಗಂಧಕ ಹಚ್ಚಿದರೆ ಜೋಳಕ್ಕೆ ಕಾಡಿಗೆ ರೋಗ ಹತ್ತುವುದಿಲ್ಲ ಎಂದ ಮಾತು ಸುಳ್ಳಾಯಿತು, ಸಂತಪುರದ ವರದಿ ಬರೆದು ಕೊಟ್ಟು ಬೇಸಾಯ ಇಲಾಖೆಯ ನೌಕರಿ ಬಿಡುತ್ತೇನೆ, ಮಾವನ ಅಂಗಡಿಯಲ್ಲಿ ತಕ್ಕಡಿ ಹಿಡಿಯುತ್ತೇನೆ ಎಂದು ಬರೆದಿದ್ದೀ. ಅದಕ್ಕೆ ಇವರು ನಕ್ಕು, “ತಕ್ಕಡಿ ಹಿಡಿಲಿಕ್ಕೂ ತರಬೇತಿ ಬೇಕಾಗ್ತದ ಅಂತ ಬರಿ. ಇಂವಾ ಕಾಳು ತೂಗೋದು ಬಿಟ್ಟು ಗಿರಾಕಿಗೆ ಪಾಠ ಹೇಳ್ಕೋತ ಕೂಡ್ತಾನ” ಎಂದರು. ನನಗೆ ನಗು ಬರಲಿಲ್ಲ. ಎಳ್ಳಮಾಸಿಗೂ ಊರಿಗೆ ಬರಲು ನಾಚಿದೆಯಲ್ಲ, ಅದು ಕರುಳಿಗೆ ಹತ್ತಿತು. ಶಿವರಾಜಪ್ಪ ಕಾಕಾ ಕರಿ ತೆನೆಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ನಿನ್ನ ಕೋಣೆಗೆ ಕಳಿಸಿದ್ದು ತಪ್ಪು. ಅದನ್ನು ನಾನು ಅವರ ಎದುರಿಗೇ ಹೇಳಿದ್ದೇನೆ.

ಎಳ್ಳಮಾಸಿಯ ದಿನ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಮ್ಮ ಹೊಲದಲ್ಲೇ ಎಲ್ಲರೂ ಊಟಕ್ಕೆ ಕುಳಿತಿದ್ದೆವು. ಭಜ್ಜಿ, ಅಂಬಲಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಎಲ್ಲ ಇತ್ತು. ತಿನ್ನುವವರ ಕಣ್ಣು ಮಾತ್ರ ಸುತ್ತಲಿನ ಜೋಳದ ಮೇಲಿತ್ತು. ಆಳೆತ್ತರ ಬೆಳೆದ ಜೋಳ, ಆದರೆ ನಡುನಡುವೆ ಕಾಡಿಗೆ ಹತ್ತಿದ ತೆನೆ. ಕಾಳು ಇರಬೇಕಾದಲ್ಲಿ ಬೂದು ಚೀಲ, ಬೆರಳಲ್ಲಿ ಒಡೆದರೆ ಒಳಗೆ ಕರಿ ಹಿಟ್ಟು. ಕಾಕಾ ಒಂದು ತೆನೆ ಮುರಿದು ಎಲ್ಲರ ನಡುವೆ ಹಿಡಿದರು.

“ನೋಡ್ರಿ, ನಮ್ಮ ವೈಜಿನಾಥ ಬೀಜಕ್ಕ ಅರಿಷಿಣ ಹಚ್ಚಿ ಮದ್ವಿ ಮಾಡ್ಸಿದ. ಹುಟ್ಟಿದ ಕೂಸು ನೋಡಿದ್ರ ಕರಿದು!”

ಜನ ನಕ್ಕರು. ಗಂಧಕ ಹಳದಿಯಲ್ಲವೇ, ಅದಕ್ಕೆ ಆ ಮಾತು. ಅವ್ವ ಅಂಬಲಿ ಬಡಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ.

ನಾನು ಕೋಪದಲ್ಲಿ ಎದ್ದು ಬದುವಿನ ಕಡೆ ಹೋದೆ. ಬದುವಿನ ಆಚೆ ಅಮೀರ ಪಾಶಾನ ಹೊಲ. ಅಲ್ಲಿ ನಿಂತು ಸುಮ್ಮನೆ ತೆನೆ ನೋಡುತ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ, ನನ್ನ ಕಣ್ಣಿಗೆ ಒಂದೂ ಕರಿ ತೆನೆ ಬೀಳಲಿಲ್ಲವಲ್ಲ ಎಂಬುದು ಹೊಳೆಯಿತು. ಬದು ದಾಟಿ ಒಳಗೆ ಹೋದೆ. ಸಾಲು ಹಿಡಿದು ನಡೆದೆ. ಹುಡುಕಿ ಹುಡುಕಿ ಎಲ್ಲೋ ಒಂದೆರಡು ಸಿಕ್ಕವು. ಅದೇ ನೆಲ, ಅದೇ ಮಳೆ. ಭಾದ್ರಪದದಲ್ಲಿ ನೀನೂ ನಿನ್ನ ಸಾಹೇಬರೂ ಚಾವಡಿಗೆ ಬಂದು, ಗಡಿಗೆಯಲ್ಲಿ ಬೀಜವನ್ನೂ ಗಂಧಕವನ್ನೂ ಹಾಕಿ ಅಲುಗಾಡಿಸಿ ಕೊಟ್ಟಾಗ, ಪಾಶಾ ಕೂಡ ತನ್ನ ಚೀಲ ತಂದಿದ್ದನಂತೆ. ಹಾಗಾದರೆ ಒಂದೇ ಗಡಿಗೆಯ ಔಷಧ ಅವನಿಗೆ ಹತ್ತಿ ನಮಗೆ ಯಾಕೆ ಹತ್ತಲಿಲ್ಲ? ಈ ಪ್ರಶ್ನೆ ನನ್ನನ್ನು ಭಾಲ್ಕಿಗೆ ಹೋಗಗೊಡಲಿಲ್ಲ.

ಮರುದಿನ ಪಾಶಾನ ಮನೆಗೆ ಹೋದೆ. ಅವನು ಅಂಗಳದಲ್ಲಿ ಹಗ್ಗ ಹೊಸೆಯುತ್ತ ಕುಳಿತಿದ್ದ.

“ಪಾಶಾಭಾಯಿ, ನಿಮ್ಮ ಹೊಲದಾಗ ಕಾಡಿಗಿ ಯಾಕಿಲ್ಲ?” ಎಂದು ನೇರವಾಗಿ ಕೇಳಿದೆ.

“ಅಲ್ಲಾನ ಮೆಹರಬಾನಿ ಅಕ್ಕಾ. ಮತ್ತ ನಿಮ್ಮ ತಮ್ಮಂದೂ.”

“ಅದೇ ತಮ್ಮ ನಮಗೂ ಕೊಟ್ಟಾನಲ್ಲ. ನೀವು ಬೀಜಕ್ಕ ಮತ್ತೇನರೆ ಮಾಡಿದ್ರೇನು?”

“ಏನ್ ಮಾಡ್ಲಿರಿ? ಮನ್ಯಾಗ ಯಾರಿದ್ರು? ಆಕಿ ಹಡಿಲಿಕ್ಕ ಉದಗೀರಕ್ಕ ಹೋಗಿದ್ಳು. ಚಾವಡ್ಯಾಗಿಂದ ತಂದ ಚೀಲ ಮೂಲ್ಯಾಗ ಒಗದೆ. ಬಿತ್ತೋ ದಿನ ಹೊತ್ಕೊಂಡು ಹೋದೆ. ಒಲಿ ಹಚ್ಚಲಿಕ್ಕೇ ಬರಂಗಿಲ್ಲ ನನಗ, ಬೀಜಕ್ಕೇನ್ ಮಾಡ್ಲಿ? ಆ ನಾತಕ್ಕ ಇಲಿ ಸುದ್ದಾ ಹತ್ರ ಬರ್ಲಿಲ್ಲ ನೋಡ್ರಿ.”

ಅವನ ಮನೆಯಲ್ಲಿ ಹೆಂಗಸರಿರಲಿಲ್ಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೆ. ಅಲ್ಲಿಂದ ಹೊರಟವಳು ನಮ್ಮ ಓಣಿಯ ಜಿಜಾಬಾಯಿಯ ಮನೆಗೆ ಹೋದೆ. ಅವರ ಹೊಲದ ತೆನೆಯೂ ನಮ್ಮದರಂತೆಯೇ ಕರಿ. ಆಕೆ ತೊಗರಿ ಬೀಸುತ್ತಿದ್ದಳು. ನಾನೂ ಗೂಟಕ್ಕೆ ಕೈ ಹಚ್ಚಿದೆ. ಬೀಸುವಾಗ ಕೇಳಿದರೆ ಮಾತು ತಾನಾಗಿ ಬರುತ್ತದೆ.

“ಚಾವಡ್ಯಾಗಿಂದ ಬೀಜ ಬಂತಲ್ಲ ಜಿಜಾಬಾಯಿ, ಅದಕ್ಕ ನೀ ಏನ್ ಮಾಡ್ದಿ?”

“ಏನ್ ಮಾಡ್ಲಿ? ತೊಳದೆ.”

ನನ್ನ ಕೈ ನಿಂತಿತು. “ತೊಳದಿ?”

“ತೊಳಿಲಾರ್ದ ಹ್ಯಾಂಗ ಬಿಡ್ಲಿ ಗುರಮ್ಮಾ? ಕೆಟ್ಟ ಮದ್ದಿನ ನಾತ ಹೊಡಿಲತ್ತಿತ್ತು. ಬಿತ್ತೋದ್ಕಿಂತ ಮೊದಲ ಜಂಗಮರ ಜೋಳಗಿಗಿ ಹಿಡಿ ಬೀಜ ಹಾಕ್ಬೇಕು. ಆ ನಾತಿನ ಕಾಳು ಅವ್ರ ಜೋಳಗಿಗಿ ಹಾಕಿದ್ರ ನಾಲಿಗಿ ಸುಟ್ಟೀತು. ಎರಡು ನೀರಾಗ ತಿಕ್ಕಿ ತೊಳದೆ, ನೆಳ್ಳಾಗ ಹರವಿದೆ. ಮಲ್ಲಿಗಿ ಹಂಗ ಆತು.”

“ಗಂಡಗ ಹೇಳಿದ್ದೇನು?”

“ಅವ್ರಿಗ್ಯಾಕ? ಬೀಜ ಅವ್ರು ಯಾವಾಗ ನೋಡ್ಯಾರ? ಗಡಿಗಿಯಿಂದ ತಗದು ಕೊಡಾಕಿ ನಾ, ಕೂರಿಗಿ ಬಟ್ಟಲಿಗೆ ಹಾಕಾಕಿ ನಾ. ಅವ್ರು ಎತ್ತಿನ ಬಾಲ ನೋಡ್ಕೋತ ಹೋಗ್ತಾರ.”

ಜಂಗಮರಿಗೆ ಹಿಡಿ ಬೀಜ ಕೊಡುವುದು ನಮ್ಮ ಮನೆಯಲ್ಲೂ ಇದೆ. ಅದು ನಿನಗೂ ಗೊತ್ತು, ನನಗೂ ಗೊತ್ತು. ಗೊತ್ತಿದ್ದರೂ ಚಾವಡಿಯಲ್ಲಿ ನಿನಗೆ ಅದು ನೆನಪಾಗಲಿಲ್ಲ. ಅಲ್ಲಿ ಇದ್ದವರೆಲ್ಲ ಗಂಡಸರು, ನೆನಪು ಮಾಡುವವರು ಯಾರು?

ಆಮೇಲೆ ಔಷಧ ಪಡೆದ ಒಂದೊಂದೇ ಮನೆಗೆ ಹೋದೆ. ಎಲ್ಲಾ ಕಡೆ ಅದೇ. ಒಬ್ಬಳು ಸೀಗೆಪುಡಿ ಹಾಕಿ ತೊಳೆದಿದ್ದಳು! ಸಖುಬಾಯಿ ಒಬ್ಬಳು ಮಾತ್ರ ಬೇರೆ ಹೇಳಿದಳು. ನೀರು ದೂರ, ಸೊಂಟ ನೋವು, ಅದಕ್ಕೆ ಅರ್ಧ ತೊಳೆದು ಅರ್ಧ ಹಾಗೇ ಬಿತ್ತಿದಳಂತೆ. ಎಲ್ಲರಿಗಿಂತ ತಾನು ಸೋಮಾರಿಯೆಂದು ತಿಳಿಯಬಾರದೆಂದು ಗುಟ್ಟಾಗಿ ಹೇಳಿದಳು. ನಾನು ಆಕೆಯ ಕೈ ಹಿಡಿದು ಹೊಲಕ್ಕೆ ಎಳೆದುಕೊಂಡು ಹೋದೆ. “ತೊಳದದ್ದು ಎಲ್ಲಿ ಬಿತ್ತಿ, ತೊಳಿಲಾರದ್ದು ಎಲ್ಲಿ ಬಿತ್ತಿ?” ಎಂದರೆ, ಬೇವಿನ ಗಿಡದ ಈಚೆ, ಆಚೆ ಎಂದು ಬೆರಳು ಮಾಡಿದಳು. ಈಚೆ ಕರಿ. ಆಚೆ ಪಾಶಾನ ಹೊಲದ ಹಾಗೆ ಹಸನು. ತಮ್ಮಾ, ಅಲ್ಲಿ ನಿಂತು ನಾನು ಜೋರಾಗಿ ನಕ್ಕೆ. ಸಖುಬಾಯಿ ನನಗೆ ಗಾಳಿ ಬಡಿದಿದೆಯೆಂದು ತಿಳಿದಳು.

ಆದರೂ ನಿನ್ನನ್ನು ಒಂದು ಕೇಳಬೇಕು. ಒಂದೂವರೆ ಹೊಲ ನೋಡಿ ಇದೇ ಕಾರಣ ಎಂದು ಹೇಳಬಹುದೇ? ತೊಳೆದರೆ ಗಂಧಕ ಹೋಗುತ್ತದೆ, ಅದು ಸರಿ. ಪಾಶಾನ ಚೀಲದ ತಳದಲ್ಲಿ ಉಳಿದಿದ್ದ ಹಿಡಿ ಬೀಜವನ್ನು ಬೋಗುಣಿಯಲ್ಲಿ ತಿಕ್ಕಿ ನೋಡಿದೆ. ನೀರಿನ ಮೇಲೆ ಹಳದಿ ಪುಡಿ ತೇಲಿತು. ಆದರೆ ಕಾಡಿಗೆಯ ಬೇರು ಬೀಜದ ಮೈಮೇಲೆಯೇ ಇರುವುದಾದರೆ, ತೊಳೆದಾಗ ಅದೂ ಹೋಗಬೇಕಲ್ಲ? ಅದು ಯಾಕೆ ಹೋಗುವುದಿಲ್ಲ? ಜಿಜಾಬಾಯಿ ಇದನ್ನೇ ಕೇಳಿದಳು. ನಿನಗೆ ಗೊತ್ತಿದ್ದರೆ ಬಂದು ಆಕೆಗೆ ಹೇಳಬೇಕು.

ಕಾಕಾ ಅವರಿಗೆ ಎಲ್ಲ ಹೇಳಿದೆ. ಮೊದಲು ನಂಬಲಿಲ್ಲ. ಸಖುಬಾಯಿಯ ಹೊಲಕ್ಕೆ ಹೋಗಿ ಬೇವಿನ ಗಿಡದ ಎರಡೂ ಕಡೆ ನೋಡಿ ಬಂದರು. ಬಂದವರು ಕಟ್ಟೆಯ ಮೇಲೆ ಕುಳಿತು ತಂಬಾಕು ತಿಕ್ಕುತ್ತ, “ಮನ್ಯಾಗಿನ ಹೆಂಗಸ್ರು ತೊಳದ್ರ ಹುಡುಗ ಏನ್ ಮಾಡ್ಯಾನು” ಎಂದರು. ಅದು ಅವರ ಕ್ಷಮಾಪಣೆ. ಅದಕ್ಕಿಂತ ಹೆಚ್ಚು ಸಿಗುವುದಿಲ್ಲ. ನಾನು ಬಿಡಲಿಲ್ಲ. “ಹೆಂಗಸ್ರಿಗೆ ಹೇಳಿದವ್ರು ಯಾರು ಕಾಕಾ? ಚಾವಡ್ಯಾಗ ಕೇಳಿ ಬಂದು ನೀವು ಮನ್ಯಾಗ ಏನ್ ಹೇಳಿದ್ರಿ?” ಎಂದೆ.

“ಬೀಜ ಇಡು ಅಂದೆ.”

“ಅಷ್ಟೇ?”

“ಮತ್ತೇನ್ ಪುರಾಣ ಹೇಳ್ಲಿ ಅಕಿಗೆ?”

ಈಗ ಮುಖ್ಯ ಮಾತಿಗೆ ಬರುತ್ತೇನೆ. ಬೀದರಿನಲ್ಲಿ ಹೆಣ್ಣುಮಕ್ಕಳಿಗೂ ಒಂದು ತರಬೇತಿ ನಡೆಸಬೇಕೆಂದು ನೀನು ಕೇಳಿದ್ದಾಗ, ಅವರಿಗೆ ಬೇಸಾಯದಲ್ಲಿ ಏನು ಕೆಲಸವೆಂದು ಸಾಹೇಬರು ತೆಗೆದುಹಾಕಿದರು ಎಂದು ಬರೆದಿದ್ದೀ. ಸಂತಪುರದ ವರದಿಯಲ್ಲಿ ಗಂಧಕ ಸೋತಿತು ಎಂದು ಬರೆಯಬೇಡ. ಬೀಜ ಯಾರ ಕೈಯಲ್ಲಿತ್ತು, ಆ ಕೈಗೆ ಯಾರೂ ಏನೂ ಹೇಳಲಿಲ್ಲ ಎಂದು ಬರೆ. ನೌಕರಿ ಬಿಟ್ಟರೆ ಆ ಮಾತು ಹೇಳುವವರೇ ಇರುವುದಿಲ್ಲ. ಮುಂದಿನ ವರ್ಷ ಇನ್ನೊಬ್ಬ ಹುಡುಗ ಬಂದು ಅದೇ ಚಾವಡಿಯಲ್ಲಿ ಅದೇ ಗಡಿಗೆ ಅಲುಗಾಡಿಸುತ್ತಾನೆ.

ವರದಿಗಿಂತ ಅವಸರದ್ದು ಇನ್ನೊಂದಿದೆ. ಮಾಘದಲ್ಲಿ ಸುಗ್ಗಿ. ಕರಿ ತೆನೆಯೂ ಒಳ್ಳೆ ತೆನೆಯೂ ಒಂದೇ ಕಣದಲ್ಲಿ ಬಿದ್ದು ತುಳಿಸಿಕೊಂಡರೆ ಕಾಡಿಗೆ ಎಲ್ಲಾ ಕಾಳಿಗೂ ಹತ್ತುತ್ತದೆ ಎಂದು ನೀನೇ ಹೇಳಿದ್ದೆ. ಹಾಗಾದರೆ ಬರುವ ವರ್ಷದ ಬೀಜ ಆ ತಿಂಗಳಲ್ಲೇ ಕೆಡುತ್ತದೆ. ಬೀಜದ ತೆನೆ ಆರಿಸುವವರೂ ಹೆಂಗಸರೇ. ಕರಿ ತೆನೆಯನ್ನು ಕಣಕ್ಕೆ ಬರುವ ಮೊದಲೇ ಮುರಿದು ಸುಡಬೇಕೋ, ಹೂಳಬೇಕೋ, ಮುರಿಯುವಾಗ ಪುಡಿ ಹಾರದ ಹಾಗೆ ಏನು ಮಾಡಬೇಕೋ, ಅದನ್ನು ನೀನು ಬಂದು ತೋರಿಸು. ಜಿಜಾಬಾಯಿ, ಸಖುಬಾಯಿ ಬರುತ್ತೇವೆ ಎಂದಿದ್ದಾರೆ. ಉಳಿದವರು ಇವರನ್ನು ನೋಡಿ ಬರುತ್ತಾರೆ. ಜಂಗಮರ ಮಾತಿಗೂ ಜಿಜಾಬಾಯಿಯೇ ದಾರಿ ಹೇಳಿದಳು. “ಅವ್ರ ಹಿಡಿ ಮೊದಲೇ ತಗದಿಟ್ಟು ಉಳಿದದ್ದಕ್ಕ ಗಂಧಕ ಹಚ್ಚಿದ್ರ ಆತು. ಇಷ್ಟ ಮಾತಿಗೆ ಬೀದರಿಂದ ಮೋಟಾರ್ ಬರ್ಬೇಕಿತ್ತೇನ?” ಎಂದು ನಕ್ಕಳು.

ನಿನ್ನ ಮಾವ ಒಂದು ಚೀಲ ಹೊಸ ತೊಗರಿಬೇಳೆ ಕಳಿಸುತ್ತಾರೆ. ರೈಲಿನಲ್ಲಿ ಬರುವ ನಮ್ಮ ಅಂಗಡಿಯ ಮಚ್ಛೇಂದ್ರ ಅದನ್ನು ಚಿದ್ರಿಗೆ ಮುಟ್ಟಿಸುತ್ತಾನೆ. ಹೊತ್ತಿಗೆ ಸರಿಯಾಗಿ ಉಣ್ಣು. ಬಸವಣ್ಣ ನಿನಗೆ ಗಟ್ಟಿ ಮನಸ್ಸು ಕೊಡಲಿ, ನೀನು ಹಿಡಿದ ಕೆಲಸ ನಿನ್ನ ಕೈಯಲ್ಲೇ ಹಣ್ಣಾಗಲಿ.

ನಿನ್ನ ಅಕ್ಕ
ಗುರಮ್ಮ

ತಾ.ಕ.: ಇದನ್ನು ಬರೆಯುವುದಿಲ್ಲವೆಂದು ಅವ್ವನಿಗೆ ಮಾತು ಕೊಟ್ಟಿದ್ದೆ. ಬರೆಯದೆ ಲಕೋಟೆ ಮುಚ್ಚಲು ಆಗುತ್ತಿಲ್ಲ.

ಓಣಿಯಲ್ಲಿ ಮೊದಲು ಬೀಜ ತೊಳೆದವಳು ಅವ್ವ. ಜಿಜಾಬಾಯಿ ಬಹಳ ಹೊತ್ತು ಮುಚ್ಚಿಟ್ಟು ಕಡೆಗೆ ಹೇಳಿದಳು: “ನಿಮ್ಮವ್ವ ಅಂಗಳದಾಗ ಹರವಿದ್ದು ನೋಡಿದ್ವಿ. ಪಾಠ ಹೇಳಿದಂವನ ಅವ್ವನೇ ತೊಳದಾಳಂದ್ರ, ಮಗ ಹೇಳಿರ್ಬೇಕು ಅಂತ ನಾವೂ ತೊಳದ್ವಿ.”

ಅಂದು ನೀನು ಚಾವಡಿಯ ಕೆಲಸ ಮುಗಿಸಿ ಸಾಹೇಬರ ಮೋಟಾರಿನಲ್ಲಿ ನೇರವಾಗಿ ಔರಾದಿಗೆ ಹೋದೆ. ನಮ್ಮ ಮನೆ ಚಾವಡಿಯ ಹಿಂದಿನ ಓಣಿಯಲ್ಲೇ ಇದೆ. ಅವ್ವ ಹೋಳಿಗೆ ಮಾಡಿ, ಬಾಗಿಲಿಗೆ ನೀರು ಇಟ್ಟುಕೊಂಡು ಕೂತಿದ್ದಳು. ಇದನ್ನು ನಾನು ಎತ್ತಿದಾಗ ನನ್ನನ್ನೇ ಗದರಿದಳು: “ಸಾಹೇಬ್ರ ಸಂಗಟ ಇದ್ದ. ಹ್ಯಾಂಗ ಬರ್ತಾನ?” ಆಮೇಲೆ ತಾನೇ ಹೇಳಿದಳು: “ಊರಿಗೆಲ್ಲಾ ಹೇಳ್ದ. ನನಗೊಂದ್ ಮಾತ ಹೇಳಿದ್ರ ನಾ ತೊಳಿತಿದ್ನೇನ ಗುರಮ್ಮಾ? ನನ್ನ ಕೈಲೇ ನನ್ನ ಮಗನ ಹೆಸರು ಕೆಡ್ತು.” ಈಗ ಬಾವಿಗೂ ಎಲ್ಲರೂ ಹೋಗಿ ಬಂದ ಮೇಲೆ ಒಬ್ಬಳೇ ಹೋಗುತ್ತಾಳೆ.

ನಾನು ಬಂಡಿ ಹತ್ತುವಾಗ ಹತ್ತಿರ ಬಂದು ಮೆಲ್ಲಗೆ ಕೇಳಿದಳು: “ಅಂವಾ ಮತ್ತ ಬಂದ್ರ, ಚಾವಡಿ ಗ್ವಾಡಿ ಹಿಂದ ಕೂತ್ರ ಒಳಗಿಂದು ಕೇಳಿಸ್ತದೇನ?”

ಕೇಳಿಸುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ತಮ್ಮಾ. ನಾನೂ ಎಂದೂ ಅಲ್ಲಿ ಕೂತಿಲ್ಲ.