ಟೀಚರಮ್ಮನ ಇಸ್ತ್ರಿ

ಅಕ್ಕಾ,

ಕಡಿಮೆ ಖರ್ಚಿನ ಕಿರುಚಿತ್ರಕ್ಕೆ ಕಥೆ ಹುಡುಕುತ್ತ ಮೂರು ದಿನ ಇಲ್ಲಿನ ಬೀದಿಗಳನ್ನೆಲ್ಲ ಸುತ್ತಿದೆ. ಕೊನೆಗೆ ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ಇಸ್ತ್ರಿ ಮಾಡುವ ಹೆಂಗಸೊಬ್ಬರು ಸಿಕ್ಕರು. ಶೂಟಿಂಗ್ ಎಂದು ಇವತ್ತು ಅವರು ತಲೆ ಬಾಚಿ, ಹೊಸ ಬಟ್ಟೆ ಹಾಕಿಕೊಂಡು ನಿಂತಿದ್ದರು.

“ಹಳೇದು, ಹರಿದಿರೋದು ಇದ್ರೆ ಹಾಕ್ಕೊಳ್ಳಿ. ಆಗ್ಲೇ ನಿಜ ಅನ್ಸೋದು” ಎಂದೆ.

ಅವರ ಮುಖ ಚಿಕ್ಕದಾಯಿತು. “ನಿಮ್ಮನೇಲಿ ಯಾರಾದ್ರೂ ಈ ಕೆಲಸ ಮಾಡ್ತಾರಾ?”

“ಇಲ್ಲ, ನಮ್ಮಕ್ಕ ಟೀಚರ್” ಎಂದುಬಿಟ್ಟೆ. ನನ್ನನ್ನು ಓದಿಸಿದ್ದೇ ನಿನ್ನ ಇಸ್ತ್ರಿಪೆಟ್ಟಿಗೆ ಎನ್ನಲು ಬಾಯಿ ಬರಲಿಲ್ಲ ಕಣೇ.

ನೀನು ಇಸ್ತ್ರಿ ಮಾಡಿ ಕಳಿಸಿದ್ದ ಅಂಗಿಯನ್ನೇ ತೊಟ್ಟಿದ್ದೆ. ಅವರು ಅದರ ಕಾಲರ್ ಮುಟ್ಟಿ ನೋಡಿ, ಇಸ್ತ್ರಿ ಮಾಡಿದ್ದು ಯಾರೆಂದು ಕೇಳಿದರು; ಅಕ್ಕ ಎಂದೆ. “ನಾವು ಅಂಗಡಿಯೋರು ಮಾಡೋ ಹಾಗೇ ಪೆಟ್ಟಿಗೇನ ತುದಿಯಿಂದ ಒಳಕ್ಕೆ ಎಳೆದಿದ್ದಾರೆ, ಒಂದು ಸುಕ್ಕಿಲ್ಲ. ಟೀಚರಮ್ಮನ ಕೈ ಚೆನ್ನಾಗೇ ಪಳಗಿದೆ” ಎಂದು ನಕ್ಕು, ಒಳಗೆ ಹೋಗಿ ಹರಿದ ಬಟ್ಟೆ ಹಾಕಿಕೊಂಡು ಬಂದರು. ನನಗೆ ಕ್ಯಾಮೆರಾ ಎತ್ತಲಾಗಲಿಲ್ಲ.

ನನ್ನ ಕೆಮ್ಮು ವಾಸಿಯಾಗಿದೆ, ಮಾತ್ರೆ ನಿಲ್ಲಿಸಿದ್ದೇನೆ. ಇಷ್ಟು ದಿನ ನಿನ್ನ ವಿಳಾಸದಲ್ಲಿ ‘ಇಸ್ತ್ರಿ ಅಂಗಡಿ’ ಎಂದು ಬರೆಯುತ್ತಿರಲಿಲ್ಲ. ಈ ಕಾರ್ಡಿನ ಮೇಲೆ ಬರೆದಿದ್ದೇನೆ, ನೋಡು.

ನಿನ್ನ ತಮ್ಮ