ಗುಬ್ಬಿಯ ಹಗ್ಗ

ದರಿಬಡಚಿ, ತಾ. ಜತ್ತ
ಬುಧವಾರ, ೧೯ ನವೆಂಬರ್ ೨೦೨೫

ಗೆಳತಿ ಸೃಷ್ಟಿಗೆ,

ನೀನು ಸುಖವಾಗಿದ್ದಿ ಎಂದು ತಿಳಿದು ಬರೆಯುತ್ತಿದ್ದೇನೆ. ದೀಪಾವಳಿ ಮುಗಿಸಿ ಸಾಂಗ್ಲಿಯ ಹಾಸ್ಟೆಲಿಗೆ ಹೋದ ಮೇಲೆ ನಾಲ್ಕು ಸಲ ಫೋನ್ ಮಾಡಿದಿ, ನಾನು ಎತ್ತಲಿಲ್ಲ. ತಡವಾಯಿತು, ತಪ್ಪು ನನ್ನದೇ. ಫೋನಿನಲ್ಲಿ ಯಾವಾಗಲೂ ನೀನು ಮಾತಾಡುತ್ತಿ, ನಾನು ಹ್ಞೂಂ ಅನ್ನುತ್ತೇನೆ. ಈ ಸಲ ಹ್ಞೂಂ ಅನ್ನುವ ಮನಸ್ಸಿಲ್ಲ. ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು. ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದು. ಮಾತನ್ನು ತಿದ್ದಬೇಡ.

ಮೊದಲು ಊರ ಸುದ್ದಿ. ನಿಮ್ಮ ಅಜ್ಜ, ಶಂಕರಲಿಂಗ ಮುತ್ಯಾನ ದಾಳಿಂಬೆಗೆ ಹೂವು ಚಲೋ ಹಿಡಿದಿದೆ. ನಿಮ್ಮ ಎಮ್ಮೆ ಈದಿತು, ಗಂಡು ಕರು. ಗುಬ್ಬಿ ಹೇಗಿದ್ದಾನೆ, ಮನೆಯವರು ಸಾಕಲು ಕಳಿಸಿದ ಮುಚ್ಚಂಡಿಯ ಮಾವನ ಮನೆಗೆ ಹೋಗಿ ನೋಡಿ ಬಂದಿಯಾ ಎಂದು ಮೆಸೇಜಿನಲ್ಲಿ ಕೇಳಿದ್ದಿ. ಎರಡು ವರ್ಷದ ಹಿಂದೆ ತಾಯಿ ಸತ್ತ ಆ ಆಡಿನ ಮರಿಗೆ ನಿಮ್ಮ ಹಿತ್ತಲಿನಲ್ಲಿ ಇಬ್ಬರೂ ಕೂತು ಬಾಟಲಿಯಿಂದ ಹಾಲು ಕುಡಿಸಿದ್ದು ನೆನಪಿದೆಯಲ್ಲ? ಅಂಗೈಯಷ್ಟು ಇದ್ದಾನೆ ಎಂದು ಗುಬ್ಬಿ ಅಂತ ಹೆಸರಿಟ್ಟಿ. ನಿನ್ನ ಕೆಂಪು ಓಢಣಿ ಹರಿದು ಅವನಿಗೆ ಹಗ್ಗ ಹೊಸೆದಿ. ನಮ್ಮ ಮನೆಯಲ್ಲಿ ಆಡಿಗೆ ಹೆಸರಿಡುವ ರೂಢಿಯಿಲ್ಲ ಎಂದು ನಾನು ಅವತ್ತೇ ಹೇಳಿದ್ದೆ. ನೀನು ನಕ್ಕಿ. ಅವನ ಸುದ್ದಿ ಕಡೆಗೆ ಬರೆಯುತ್ತೇನೆ.

ಈಗ ನೀನು ದೀಪಾವಳಿಗೆ ಬಂದ ಮರುದಿನದ ಆ ಭಾನುವಾರದ ಮಾತು. ಅಪ್ಪ ಎಂದಿನಂತೆ ಬಸ್ ಸ್ಟ್ಯಾಂಡಿನ ಬೇವಿನ ಗಿಡದ ಕೆಳಗೆ ಮಟನ್ ಮಾರುತ್ತಿದ್ದ. ನಾನು ಹಿಂದೆ ಕೂತು ಬಿಸಿನೀರಿನಲ್ಲಿ ಕರುಳು ತೊಳೆಯುತ್ತಿದ್ದೆ. ನೀನು ಫೋನ್ ಹಿಡಿದುಕೊಂಡೇ ಬಂದಿ. ಸುಲಿದು ತೂಗುಹಾಕಿದ ಆಡನ್ನು ತೋರಿಸಿ, ಆಮೇಲೆ ನನ್ನ ಮುಖಕ್ಕೆ ಹಿಡಿದಿ. "ಮೋನಾಲಿ, ಇದನ್ನ ಮಾಡಾಕ ನಿನಗ ಹೆಂಗರ ಮನಸ್ಸ ಬರತೈತಿ? ಪಾಪ, ಇದಕ್ಕೂ ಯಾರರ ಒಂದ ಹೆಸರ ಇಟ್ಟಿರಬೇಕು" ಅಂದಿ. ನಾನು ತಲೆ ತಗ್ಗಿಸಿದೆ. ನೀನು ಉತ್ತರಕ್ಕೆ ಕಾಯಲಿಲ್ಲ. ಸಂಜೆಯೊಳಗೆ ಆ ವಿಡಿಯೋ ಊರಿನ ಎಲ್ಲರ ಫೋನಿನಲ್ಲಿತ್ತು.

ಮರುದಿನ ನಳದ ಹತ್ತಿರ ಮಲಕವ್ವ ತನ್ನ ಕೊಡ ದೂರ ಸರಿಸಿ, "ಕಟಗರ ಸಾಹೇಬರ ಬಂದ್ರು, ದಾರಿ ಬಿಡ್ರೆವ್ವಾ" ಅಂದಳು. ಎಲ್ಲರೂ ನಕ್ಕರು. ಅವಳ ಮಗ ಗುರುಸಿದ್ದ ಭಾನುವಾರಕ್ಕೊಮ್ಮೆ ಕರೀ ಚೀಲ ಹಿಡಿದು ಗಿಡದ ಹಿಂದಿನಿಂದ ಬರುತ್ತಾನೆ. ಅವನಿಗೆ ಕಾಳಿಜವೇ, ಆಡಿನ ಲಿವರೇ ಬೇಕು. ನಾನು ಅದನ್ನು ಹೇಳಲಿಲ್ಲ. ನನಗೆ ಹೇಳಲು ಬರುವುದಿಲ್ಲ ಎಂದು ನಿನಗೆ ಗೊತ್ತಲ್ಲ, ಅದಕ್ಕೇ ನನ್ನ ಮುಖಕ್ಕೆ ಫೋನ್ ಹಿಡಿದಿ.

ವಾರ ಕಳೆಯುವುದರಲ್ಲಿ ಊರ ಹಿರಿಯರು ಅಪ್ಪನನ್ನು ಕರೆಸಿದರು. ತಮ್ಮಣ್ಣ ಕಾಕಾ ಅಂದರು, "ಹರಿಬಾ, ನಮ್ಮ ಹುಡುಗಿ ಕಲತಾಕಿ, ಖರೇನ ಹೇಳ್ಯಾಳ. ಹೋಗೋ ಬರೋ ಮಂದಿ ಕಣ್ಣಿಗಿ ಅದು ಬೀಳಬಾರದು. ಇನ್ನ ಮ್ಯಾಲ ಹಳ್ಳದ ಆಚಿ ಕುಂದರು." ನಿಮ್ಮ ಮುತ್ಯಾನೂ ಅಲ್ಲೇ ಕೂತಿದ್ದರು. ಕಡ್ಡಿಯಿಂದ ನೆಲ ಗೀಚುತ್ತಿದ್ದರು, ಮುಖ ಎತ್ತಲಿಲ್ಲ. ಅಪ್ಪ ಅವರ ಕಡೆಗೇ ನೋಡುತ್ತ, "ಒಂದ ಮಾತ ಹೇಳತೀನ್ರಿ" ಎಂದು ಬಾಯಿ ತೆರೆದ. ಅವನ ಕೂಡ ಹೋಗಿ ಹಿಂದೆ ನಿಂತಿದ್ದ ನಾನು ಅವನ ಅಂಗಿ ಹಿಡಿದು ಜಗ್ಗಿದೆ. ಮನೆಗೆ ಬಂದು ಅಪ್ಪ, "ಆ ಒಂದ ಮಾತಿಗಿ ನನ್ನ ಜಾಗಾ ಉಳಿತಿತ್ತಲ್ಲವಾ. ಯಾರ ಸಲುವಾಗಿ ಸುಮ್ಮನಿರಸಿದಿ?" ಎಂದು ಕೇಳಿದ. ನಿನ್ನ ಸಲುವಾಗಿ, ಸೃಷ್ಟಿ.

ಹಳ್ಳದ ಆಚೆ ಗಿಡವಿಲ್ಲ. ಅಪ್ಪ ಬಿಸಿಲಿನಲ್ಲಿ ಕೂರುತ್ತಾನೆ.

ಕೊಲ್ಲುವುದು ಒಳ್ಳೆಯದು ಎಂದು ನಾನು ಬರೆಯುವುದಿಲ್ಲ. ಅಪ್ಪ ಚಾಕು ಹಿಡಿದಾಗ ಕಾಲು ಅದುಮಿ ಹಿಡಿಯುವವಳು ನಾನು. ಆಡಿನ ಎದೆ ನನ್ನ ಮೊಣಕಾಲಿಗೆ ಬಡಿಯುತ್ತಿರುತ್ತದೆ. ಅದು ನಿಂತದ್ದು ಎಲ್ಲರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಅದರ ಬಗ್ಗೆ ನನಗೆ ಹೊಸದಾಗಿ ಹೇಳಿಕೊಡುವಂಥದ್ದು ನಿನ್ನ ಹತ್ತಿರ ಏನೂ ಇಲ್ಲ. ಆದರೆ ಆ ಆಡು ನನ್ನ ಮೊಣಕಾಲಿನವರೆಗೆ ಯಾರ ಮನೆಯಿಂದ ಬಂತು ಎಂದು ನೀನು ಕೇಳಲೇ ಇಲ್ಲ. ಮಾಂಸ ಮುಟ್ಟದ ಮನೆಯವರೂ ಆಡು ಮಾರಲು ನಮ್ಮಪ್ಪನನ್ನು ಕರೆಯುತ್ತಾರೆ. ನಿಮ್ಮ ಎಮ್ಮೆಯ ಹೋದ ವರ್ಷದ ಗಂಡು ಕರು ಎಲ್ಲಿದೆ? ಅದರ ಪಾಲಿನ ಹಾಲಿನಿಂದಲೇ ನಿನಗೆ ಚಹಾ ಆಯಿತು. ಮಾರುವವರು ಪ್ರಾಣಿಯನ್ನು ಕೊಡುತ್ತಾರೆ, ಹಗ್ಗ ಕೊಡುವುದಿಲ್ಲ. ಹಗ್ಗದ ಕೂಡ ಮನೆಯ ಲಕ್ಷ್ಮಿ ಹೋಗುತ್ತಾಳೆ ಎಂದು ಕೊರಳಿನಿಂದ ಬಿಚ್ಚಿ ಇಟ್ಟುಕೊಳ್ಳುತ್ತಾರೆ. ಅಪ್ಪ ತನ್ನ ಹಗ್ಗ ಕಟ್ಟಿ ಎಳೆದುಕೊಂಡು ಬರುತ್ತಾನೆ. ಅಲ್ಲಿಂದ ಮುಂದಿನ ಪಾಪ ಪೂರಾ ನಮ್ಮದು.

"ಆ ಕೆಲಸ ಬಿಟ್ಟು ಸಾಂಗ್ಲಿಗೆ ಬಾ, ಅಲ್ಲೀವರೆಗೆ ನಿಮ್ಮ ಮನಿ ಹೊಸ್ತಿಲ ತುಳಿಯಂಗಿಲ್ಲ" ಎಂದು ಮೆಸೇಜು ಕಳಿಸಿದ್ದಿ. ಇದು ಅದಕ್ಕೆ ಉತ್ತರ. ತುಳಿಯಬೇಡ. ನೀನು ಬಂದರೆ ನಾನೇ ಬಾಗಿಲು ಹಾಕಿಕೊಳ್ಳುತ್ತೇನೆ.

ಅವ್ವ ತುಳಸವ್ವ ಒಲೆಯ ಮುಂದೆ ಕೂತು, ಪತ್ರ ಯಾರಿಗೆ ಎಂದು ಕೇಳಿದಳು. ನಿನ್ನ ಹೆಸರು ಹೇಳಿದೆ. "ದೇವರ ಚಲೋ ಇಟ್ಟಿರಲಿ ಅಂತ ಬರಿ, ದೂರ ಇರೂ ಹುಡುಗಿ" ಅಂದಳು. ಬರೆದಿದ್ದೇನೆ. ಅದು ಅವ್ವನ ಆಶೀರ್ವಾದ. ನನ್ನದು ಅದರಲ್ಲಿ ಇಲ್ಲ.

ಇತಿ,
ಮೋನಾಲಿ

ತಾ.ಕ.: ಗುಬ್ಬಿ ಮುಚ್ಚಂಡಿಯ ನಿಮ್ಮ ಮಾವನ ಮನೆಯಲ್ಲಿ ಇಲ್ಲ. ದಾಳಿಂಬೆಯ ಚಿಗುರು ತಿನ್ನುತ್ತಾನೆ ಎಂದು ನಿಮ್ಮ ಮುತ್ಯಾ ಆ ಭಾನುವಾರದ ಹಿಂದಿನ ದಿನ, ಶನಿವಾರ ಮಧ್ಯಾಹ್ನ ಅವನನ್ನು ಅಪ್ಪನಿಗೆ ಮಾರಿದರು. ನೀನು ಸಂಜೆಯ ಬಸ್ಸಿಗೆ ಬಂದಿ. ನಿನ್ನ ಅವ್ವ ಶಾಂತಾದೇವಿ ನನ್ನ ಎರಡೂ ಕೈ ಹಿಡಿದು, "ನಮ್ಮ ಸೃಷ್ಟಿಗಿ ಹೇಳಬ್ಯಾಡ ನನ್ನವ್ವಾ" ಅಂದರು. ಹ್ಞೂಂ ಅಂದೆ. ಬಿಟ್ಟುಬಿಡು ಎಂದು ಅಪ್ಪನಿಗೆ ಕೇಳಿದೆ. "ನಾ ಬಿಟ್ಟರ ನಾಳೆ ಇನ್ನೊಬ್ಬ ಒಯ್ಯತಾನ" ಅಂದ. ಭಾನುವಾರ ಬೆಳಿಗ್ಗೆ ಗುಬ್ಬಿ ಅಪ್ಪನ ಕೈಗೆ ಸಿಗಲಿಲ್ಲ, ಗಿಡದ ಸುತ್ತ ಓಡಿದ. ನಾನು "ಗುಬ್ಬೀ" ಅಂದೆ. ತಾನಾಗಿ ಬಂದು ನನ್ನ ಮೊಣಕಾಲಿಗೆ ಹಣೆ ಒರಸಿದ. ನೀನು ಫೋನಿನಲ್ಲಿ ತೋರಿಸಿದ್ದು ಅವನನ್ನೇ. ಚರ್ಮ ಸುಲಿದ ಮೇಲೆ ನಿನಗೆ ಗುರುತು ಸಿಗಲಿಲ್ಲ.

ಆವತ್ತಿನಿಂದ ಮಟನ್ ನನ್ನ ಗಂಟಲಿನಲ್ಲಿ ಇಳಿಯುತ್ತಿಲ್ಲ. ಮನೆಯಲ್ಲಿ ಹೊಟ್ಟೆನೋವು ಎಂದು ಹೇಳಿದ್ದೇನೆ. ಇದನ್ನು ನಿನ್ನ ಗೆಲುವು ಎಂದು ತಿಳಿಯಬೇಡ. ನಾನು ನಿನ್ನ ಕಡೆಯವಳಲ್ಲ.

ನಂಬಿಕೆ ಬಾರದಿದ್ದರೆ ಊರಿಗೆ ಬಂದಾಗ ನಿಮ್ಮ ಹಿತ್ತಲಿನ ಗೂಟ ನೋಡು. ಸಾಕಲು ಕಳಿಸಿದ್ದರೆ ಹಗ್ಗವೂ ಅವನ ಕೂಡ ಮುಚ್ಚಂಡಿಗೆ ಹೋಗುತ್ತಿತ್ತು. ಕೆಂಪು ಓಢಣಿಯ ಹಗ್ಗ ನಿಮ್ಮ ಮನೆಯಲ್ಲೇ ಇದೆ.