ಸಮುದ್ರ ಸುತ್ತಿ ಬಂದ ಕಾಗದ

ಸೂಲಿಬೆಲೆ
೧೮-೧೧-೧೯೯೮, ಬುಧವಾರ

ಸಿಂಧು,

ಆಶೀರ್ವಾದ ಬರೆಯಬೇಕಾದ ಜಾಗ ಇದು. ಸಿಟ್ಟಿನಲ್ಲಿ ಮಾಡಿದ ಆಶೀರ್ವಾದ ಫಲಿಸುವುದಿಲ್ಲವೆಂದು ಬಿಟ್ಟಿದ್ದೇನೆ.

ನೀನು ನೆಲಮಂಗಲದ ತವರಿಗೆ ಹೋಗಿ ಐದು ತಿಂಗಳಾಯಿತು. ಡಿಸೆಂಬರ್ ಆರರಂದು ನಿಮ್ಮ ಮನೆಯಲ್ಲಿ ಹಿರಿಯರು ಕೂತು ನಮ್ಮಿಬ್ಬರನ್ನು ಬೇರೆ ಮಾಡುತ್ತಾರಂತೆ. ಗಂಡನಾದ ನನಗೆ ಇದು ಊರವರ ಬಾಯಿಂದ ತಿಳಿಯಬೇಕು. ನಿನ್ನ ಒಂದು ಕಾಗದವೂ ನನ್ನ ಕೈ ಸೇರಿಲ್ಲ. ಸಿಂಗಪುರದ ವಿಜಯ್‌ಗೆ ಮಾತ್ರ ವಾರಕ್ಕೊಂದು ಇ-ಮೇಲ್.

ಈ ವಿಜಯ್ ಯಾರೆಂದು ನಾನು ಮರೆತಿಲ್ಲ. ಎಂಬತ್ತೊಂಬತ್ತರಲ್ಲಿ, ಮದುವೆಯಾದ ಹೊಸತರಲ್ಲಿ, ಶಿವಗಂಗೆ ಬೆಟ್ಟದ ಮೇಲೆ ನಮ್ಮ ಫೋಟೋ ತೆಗೆದ ನಿನ್ನ ಸಹಪಾಠಿ. ಅದರಲ್ಲಿ ನೀನು ಪೂರ್ತಿ ಇದ್ದೀಯ. ನನ್ನದು ಒಂದು ಕಿವಿ.

ಹೋದ ವಾರ ಗ್ರಂಥಾಲಯದ ಪತ್ರಿಕೆಯಲ್ಲಿ, ಇ-ಮೇಲ್ ಹಾದುಬರುವ ಸಮುದ್ರದಡಿಯ ಕೇಬಲ್ ತುಂಡಾಗಿದೆ ಎಂದು ಓದಿದೆ. ಸುಳ್ಳೇಕೆ, ಅಂದು ಒಂದು ಮುದ್ದೆ ಹೆಚ್ಚಿಗೆ ಉಂಡೆ. ಎರಡು ದಿನ ಬಿಟ್ಟು ನೆಲಮಂಗಲಕ್ಕೆ ಬಂದು, ನಿನ್ನ ಇ-ಮೇಲ್ ಅಚ್ಚು ಹಾಕಿ ಎತ್ತಿಡುವ ರಾಮಾಂಜಿನಪ್ಪನ ಅಂಗಡಿಗೆ ಹೋದೆ. ಮೂರು ಬೀದಿಯಾಚೆಯ ನಿಮ್ಮ ಮನೆಗೆ ಬರಲಿಲ್ಲ. ಸಿಂಗಪುರದ್ದು ನಿಂತಿತಲ್ಲವೇ ಎಂದು ಕೇಳಿದೆ. ಅವನು ನಕ್ಕ.

"ನಿಲ್ಲೋದೆಲ್ಲಿ ಸಾರ್? ಅದು ಚೂರು ಚೂರಾಗಿ ಹೊರಡ್ತದೆ. ಒಂದು ದಾರಿ ಕಟ್ಟಾದ್ರೆ ಇನ್ನೊಂದು ಕೇಬಲ್ಲು, ಅದೂ ಇಲ್ದಿದ್ರೆ ಸ್ಯಾಟಲೈಟು. ಎಲ್ಲಾ ಕಿಕ್ಕಿರಿದಿದ್ರೆ ಕಾದಿದ್ದು ಮತ್ತೆ ಹೊರಡ್ತದೆ. ತಡ ಆಯ್ತದೆ, ಅಷ್ಟೇಯ. ಇಲ್ಲಿಗೆ ಬಂದು ಎಲ್ಲಾ ಒಂದಾಯ್ತದೆ. ತಗೊಳ್ಳಿ, ನಿಮ್ಮನೆಯವ್ರಿಗೆ ಸಿಂಗಪುರದ್ದು ಬಂದೈತೆ."

ಎರಡು ದಿನ ತಡವಾಗಿ, ಯಾವ ಯಾವ ದೇಶ ಸುತ್ತಿಯೋ ಬಂದಿತ್ತು. ಓದಿದೆ, ತಪ್ಪು. 'ಕೆಂಪರಾಜು ಅವರಿಗೆ ಇನ್ನೊಂದು ಸಲ ಬರೆದು ನೋಡು. ಮುಂಗೋಪಿ, ಆದರೆ ಕೆಟ್ಟವರಲ್ಲ' ಎಂದು ವಿಜಯ್ ನಿನಗೆ ಬರೆದಿದ್ದಾನೆ. ನನಗೆ ನಡತೆಯ ಸರ್ಟಿಫಿಕೇಟ್ ಕೊಡಲು ಇವನು ಯಾರು? ಆ ಹಾಳೆಯನ್ನು ಇದರೊಳಗೆ ಇಟ್ಟಿದ್ದೇನೆ.

ಇಂತಿ, ಫೋಟೋದಲ್ಲಿ ಕಿವಿಯಷ್ಟೇ ಉಳಿದ
ಕೆಂಪರಾಜು

ವಿ. ಸೂ.: ನಿನ್ನ ಮೂರು ಕಾಗದ ನಿನಗೇ ವಾಪಸು ಬಂದದ್ದು ಅಂಚೆಯ ತಪ್ಪಲ್ಲ. ಸಿಂಧು ಅಕ್ಷರ ಕಂಡರೆ ಹಿಂದಕ್ಕೆ ಕಳಿಸಿಬಿಡು ಎಂದು ಹೋಟೆಲಿನಲ್ಲಿ ಹತ್ತು ಜನರೆದುರು ಪೋಸ್ಟ್‌ಮನ್ ದೊಡ್ಡಮುನಿಯಪ್ಪನಿಗೆ ಹೇಳಿದವನು ನಾನು. ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಇನ್ನೂ ಬಾಯಿ ಬಂದಿಲ್ಲ. ಆರನೇ ತಾರೀಕಿಗೆ ಮೊದಲು ಬರೆಯುವುದಾದರೆ ಹಾಲಿನ ಡೇರಿಯ ಮುನಿಶಾಮಪ್ಪನ ಹೆಸರಿಗೆ ಬರೆ. ವಿಳಾಸವನ್ನು ಬೇರೆಯವರ ಕೈಯಲ್ಲಿ ಬರೆಸು. ಬೆಳಿಗ್ಗೆ ಹಾಲು ಹಾಕಲು ಹೋದಾಗ ಇಸಿದುಕೊಳ್ಳುತ್ತೇನೆ. ಅವನು ಒಡೆದು ಓದಿದರೂ ಓದಲಿ.